ಗ್ರೈಂಡರ್ ಸ್ವಿಚ್ಚೂ ನಮ್ಮ ಮಾವನ ಪೆಟ್ಟಿಗೆಯೂ

ನಮ್ಮ ಸೋದರಮಾವನಿಗೆ ಕರೆಂಟು ಕಣ್ಣಿಗೆ ಕಾಣುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ಒಂದು ಭಾನುವಾರ, ನಾನು ಶಾಲೆಯ ಮೇಷ್ಟ್ರಾಗಿರುವ ಮಾಗಡಿಯಿಂದ ಎರಡು ಬಸ್ಸು ಬದಲಾಯಿಸಿ ಚನ್ನಪಟ್ಟಣದ ಅವರ ಮನೆಗೆ ಹೋದರೆ, ಮಾವ ನನ್ನ ಮುಖವನ್ನೇ ನೋಡಲಿಲ್ಲ. ಗೋಡೆಯ ಮೇಲಿದ್ದ ಪುಟ್ಟ ಪೆಟ್ಟಿಗೆಯನ್ನೇ ದಿಟ್ಟಿಸುತ್ತ, "ಬಚ್ಚಲು ಲೈಟ್ ಆರ್ಸೋದು ಮರ್ತವ್ಳೆ ನಿಮ್ಮತ್ತೆ. ಒಸಿ ಆರ್ಸ್‌ಬುಟ್ಟು ಬಾರ್ಲಾ ಮೇಷ್ಟ್ರೆ" ಎಂದರು. ಹೋಗಿ ನೋಡಿದೆ. ಬಚ್ಚಲ ಬಲ್ಬು ಧಾರಾಳವಾಗಿ ಉರಿಯುತ್ತಿತ್ತು. ಮನೆಗೆ ಬಂದ ಅಳಿಯನಿಗೆ ನೀರು ಕೊಡುವ ಮೊದಲೇ ಕೆಲಸ ಕೊಡುವ ಸೋದರಮಾವ ಇಡೀ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಆ ಪೆಟ್ಟಿಗೆ ಹುಟ್ಟಿದ್ದೇ ಅತ್ತೆಯಿಂದ. ಆಗ ಬಿಡದಿ ಸುತ್ತಮುತ್ತ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಮಾವ ಅಲ್ಲೊಂದರಲ್ಲಿ ಎಲೆಕ್ಟ್ರಿಕಲ್ ಸೆಕ್ಷನ್ನಿನವರು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ ಹೋಗಿ ಸಂಜೆ ಅದರಲ್ಲೇ ಬರುವವರು. ಮನೆಯ ವೈರಿಂಗೆಲ್ಲ ಅವರದೇ ಕೈ. ಹೊರಗಿನ ಎಲೆಕ್ಟ್ರಿಷಿಯನ್ ಒಬ್ಬ ಒಂದು ಸ್ಕ್ರೂ ಮುಟ್ಟಿದರೂ ಅವರಿಗೆ ಮರ್ಯಾದೆ ಹೋದಂತೆ. ಅಂಥ ಮನೆಯಲ್ಲಿ, ಅಂಥವರ ಹೆಂಡತಿಗೇ, ಒಂದು ದಿನ ಅಡುಗೆಮನೆಯ ಗ್ರೈಂಡರ್ ಶಾಕ್ ಹೊಡೆಯಿತು! ಪುಣ್ಯಕ್ಕೆ ಏನೂ ಆಗಲಿಲ್ಲ ಎಂದಷ್ಟೇ ನಮಗೆಲ್ಲ ಹೇಳಿದರು.

ಅತ್ತೆ ಅಂದಿನಿಂದ ಗ್ರೈಂಡರ್ ಮುಟ್ಟಲಿಲ್ಲ. ಮಾವ ತಾವೇ ರುಬ್ಬಿ ಕೊಡುತ್ತೇನೆಂದರೆ ಅವರನ್ನೂ ಮುಟ್ಟಗೊಡಲಿಲ್ಲ. ಹಿತ್ತಲಲ್ಲಿ ಪಾಚಿ ಹಿಡಿದು ಕೂತಿದ್ದ ಒರಳುಕಲ್ಲನ್ನು ತೊಳೆದು ಒಳಗೆ ತರಿಸಿದರು. ದೀಪದ ಸ್ವಿಚ್ಚುಗಳನ್ನು ಮುದ್ದೆ ಕೋಲಿನಿಂದ ಒತ್ತತೊಡಗಿದರು. ಮಾವ ಗದರಿದರೆ, "ಒಣಗಿದ್ ಮರ ತಾನೆ? ನಿಮ್ ಶಾಸ್ತ್ರದಾಗೂ ಅದೇ ತಾನೆ ಇರೋದು?" ಎಂದು ಕೇಳುತ್ತಿದ್ದರು. ಶಾಸ್ತ್ರದಲ್ಲಿ ಇದ್ದದ್ದೂ ಅದೇ. ಆದರೆ ಒರಳು ತಿರುವಿ ತಿರುವಿ ಅತ್ತೆಯ ಬಲಭುಜ ಊದಿಕೊಂಡಿತು. ರಾತ್ರಿ ಮಗ್ಗುಲು ತಿರುಗಲಾರದೆ ನರಳುವುದನ್ನು ಮಾವ ಕೇಳಿಸಿಕೊಂಡೇ ಮಲಗಬೇಕಿತ್ತು. ಅತ್ತೆಯ ಬೆರಳು ಆ ಗ್ರೈಂಡರ್ ಸ್ವಿಚ್ಚಿನ ಮೇಲೆ ಮತ್ತೆ ಬೀಳಬೇಕು: ಅಲ್ಲಿಂದಾಚೆಗೆ ಮಾವನಿಗೆ ಬದುಕಿನಲ್ಲಿ ಬೇಕಾಗಿದ್ದು ಇದೊಂದೇ.

ಮೊದಲು ಗ್ರೈಂಡರನ್ನು ಬಿಚ್ಚಿ ವೈರೆಲ್ಲ ಹೊಸದು ಹಾಕಿದರು. ಅತ್ತೆ ಜಗ್ಗಲಿಲ್ಲ. ಆಮೇಲೆ ಕಾಂಪೌಂಡಿನ ಮೂಲೆಯಲ್ಲಿ ಆಳವಾದ ಗುಂಡಿ ತೋಡಿ, ಒಂದು ಪೈಪು ನಿಲ್ಲಿಸಿ, ಸುತ್ತ ಉಪ್ಪು, ಇದ್ದಿಲು ತುಂಬಿ, ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಹೊಸ ಅರ್ತಿಂಗ್ ಮಾಡಿದರು. ಗುಂಡಿ ಒಣಗಬಾರದಲ್ಲ, ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಒಂದು ಚೊಂಬು ನೀರು ಹುಯ್ಯುತ್ತಿದ್ದರು. ಒದ್ದೆ ಪಂಚೆಯಲ್ಲಿ ನಿಂತು ನೆಲದೊಳಗಿನ ಪೈಪಿಗೆ ನೀರೆರೆಯುವವರನ್ನು ನೋಡಿದರೆ ಯಾರಿಗೆ ಏನನ್ನಿಸೀತು? ಎದುರುಮನೆಯ ಅಜ್ಜಿ ಒಂದು ಶುಕ್ರವಾರ ಸದ್ದಿಲ್ಲದೆ ಬಂದು ಪೈಪಿಗೆ ಅರಿಶಿನ ಕುಂಕುಮ ಇಟ್ಟು ಹೋದರು. ಮುಂದಿನ ವಾರ ಒಂದು ಮೊಳ ಕನಕಾಂಬರ ಬಂತು. ತೆಗೆಸಿಬಿಡಿ ಮಾವ ಎಂದೆ. "ಇರ್ಲಿ ಬುಡ್ಲಾ, ಆವಮ್ಮನೂ ಒಂದ್ ಚೊಂಬು ನೀರು ಹುಯ್ತದೆ. ಅರ್ತಿಂಗ್‌ಗೆ ಒಳ್ಳೇದೇಯ" ಎಂದರು.

ಅತ್ತೆ ಅದಕ್ಕೂ ಜಗ್ಗಲಿಲ್ಲ. ಕಣ್ಣಿಗೆ ಕಾಣದ್ದನ್ನು ಹೆಂಗೆ ನಂಬಲಿ ಎಂಬುದು ಅವರ ವಾದ. "ಹಂಗಾರೆ ಕಾಣಂಗೇ ಮಾಡ್ತೀನಿ" ಎಂದು ಮಾವ ಬೆಂಗಳೂರಿಗೆ ಹೋಗಿ ಒಂದು ಮೈಕ್ರೋಕಂಟ್ರೋಲರ್ ತಂದರು. ಎರಡೂ ಕಡೆ ಸೇರಿ ನಲವತ್ತು ಕಾಲಿನ ಕರಿಯ ಬಿಲ್ಲೆ, ಒಂದು ಪುಟಾಣಿ ಕಂಪ್ಯೂಟರು. ಜರಿಹುಳದ ಹಾಗಿದೆ ಎಂದು ಅತ್ತೆ ಅದಕ್ಕೆ ಜರಿ ಎಂದೇ ಹೆಸರಿಟ್ಟರು. ಜೊತೆಗೆ ವೈರಿಗೆ ಬಳೆಯ ಹಾಗೆ ತೊಡಿಸುವ ಒಂದು ತಾಮ್ರದ ಸುರುಳಿ. ವೈರಿನಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಸುರುಳಿ ಜರಿಗೆ ತಿಳಿಸಬೇಕು, ಜರಿ ಅದನ್ನು ಅಂಕಿಯಲ್ಲಿ ತೋರಿಸಬೇಕು. ಫ್ಯಾಕ್ಟರಿಯ ಎಂಜಿನಿಯರೊಬ್ಬರ ಬೆನ್ನು ಹತ್ತಿ ಪ್ರೋಗ್ರಾಮ್ ಬರೆಯುವುದನ್ನು ಕಲಿತರು. ನಲವತ್ತೆಂಟನೆಯ ವಯಸ್ಸಿನಲ್ಲಿ! ಎರಡು ತಿಂಗಳು ರೈಲಿನಲ್ಲಿ ಇಸ್ಪೀಟಿಗೂ ಕೂರಲಿಲ್ಲವಂತೆ.

ಪೆಟ್ಟಿಗೆ ಸಿದ್ಧವಾದ ದಿನ ನನ್ನನ್ನೂ ಕರೆಸಿದರು. ಗ್ರೈಂಡರಿನ ವೈರಿಗೆ ಸುರುಳಿ ತೊಡಿಸಿ, ಅತ್ತೆಯನ್ನು ಬಾಗಿಲಲ್ಲಿ ನಿಲ್ಲಿಸಿ, ಅವರು ಬೇಡ ಬೇಡ ಅನ್ನುತ್ತಿರುವಾಗಲೇ ಸ್ವಿಚ್ ಹಾಕಿದರು. ಗ್ರೈಂಡರ್ ಗುರ್ರೆಂದು ತಿರುಗಿತು. ಪೆಟ್ಟಿಗೆಯಲ್ಲಿ ಸೊನ್ನೆ.

"ನೋಡಮ್ಮಿ, ಸೊನ್ನೆ!" ಎಂದರು ಮಾವ, ಯೋಚನೆ ಮಾಡದೆ.

"ಕರೆಂಟೇ ಇಲ್ದೆ ತಿರುಗ್ತಾ ಐತಾ?" ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. "ಹಂಗಾರೆ ಗಾಳಿನೇ ಹಿಡ್ದಿರ್ಬೇಕು. ಮೊದ್ಲು ನಿಂಬೆಹಣ್ಣು ಇಳ್ಸಿ ತೆಗೀರಿ ಆಚೆಗೆ."

ತಪ್ಪು ಎಲ್ಲಿ ಎಂದು ಮಾವನಿಗೆ ಹೊಳೆದದ್ದು ಮರುದಿನ ರೈಲಿನಲ್ಲಿ. ಗ್ರೈಂಡರಿನ ವೈರೆಂದರೆ ಒಂದೇ ಹೊದಿಕೆಯೊಳಗೆ ಕರೆಂಟು ಹೋಗುವ ತಂತಿ, ವಾಪಸ್ ಬರುವ ತಂತಿ ಎರಡೂ ಇರುತ್ತವೆ. ಸುರುಳಿಯನ್ನು ಎರಡಕ್ಕೂ ಸೇರಿಸಿ ತೊಡಿಸಿದ್ದರು. ಹೋದದ್ದೂ ಬಂದದ್ದೂ ಒಂದಕ್ಕೊಂದು ವಜಾ ಆಗಿ ಸೊನ್ನೆ ಬಿದ್ದಿತ್ತು. ಸರಿ, ಸುರುಳಿಯನ್ನು ಮೀಟರ್ ಬೋರ್ಡಿನ ಒಂದೇ ತಂತಿಗೆ ಸುತ್ತಿದರು. ಅಂಕಿಗಳು ಬಂದವು. ಬಚ್ಚಲ ಬಲ್ಬು, ಟೀವಿ, ಇಸ್ತ್ರಿಪೆಟ್ಟಿಗೆ, ಎಲ್ಲದರ ಗುಟ್ಟೂ ರಟ್ಟಾಯಿತು. ಮಾವ ಉಗಾದಿ ಹಬ್ಬ ಬಂದಂತೆ ಓಡಾಡಿದರು. ಅತ್ತೆ ಮಾತ್ರ ಅಂಕಿ ಕಂಡು ಇನ್ನಷ್ಟು ಹೆದರಿದರು. ಸೊನ್ನೆ ಇದ್ದದ್ದೇ ವಾಸಿಯಾಗಿತ್ತು ಎಂದರು.

ಆ ಮಾತು ಮಾವನ ತಲೆಯಲ್ಲಿ ಕೂತುಬಿಟ್ಟಿತು. ಹದಿನೈದು ದಿನ ಬಿಟ್ಟು ನಾನು ಹೋದಾಗ ಇನ್ನೊಂದು ಸುರುಳಿ ಬಂದಿತ್ತು, ಮತ್ತೆ ಗ್ರೈಂಡರಿನ ಎರಡು ತಂತಿಗೂ ಸೇರಿಸಿಯೇ! ಮಾಡಿದ ತಪ್ಪನ್ನೇ ಮತ್ತೆ ಮಾಡಿದ್ದೀರಲ್ಲ ಎಂದೆ.

"ತಪ್ಪಲ್ಲ ಕಣ್ಲಾ. ಹೋದಷ್ಟೂ ವಾಪಸ್ ಬಂದ್ರೆ ಸೊನ್ನೆ. ದಾರೀಲಿ ಒಸಿ ಯಾರ ಮೈಗಾದ್ರೂ ಸೋರ್ಕಂಡ್ತು ಅನ್ನು, ಸೊನ್ನೆ ಬರಾಕಿಲ್ಲ. ಆಗ ಗಂಟೆ ಹೊಡೀತದೆ." ಪೆಟ್ಟಿಗೆಗೆ ಒಂದು ಕರೆಗಂಟೆಯನ್ನೂ ಕಟ್ಟಿದ್ದರು. ಪರೀಕ್ಷೆಗೆಂದು ಒಂದು ಪುಟ್ಟ ಬಲ್ಬಿನ ಮೂಲಕ ಕರೆಂಟನ್ನು ಅರ್ತಿಂಗ್ ವೈರಿಗೆ ಸೋರಿಸಿದರು. ಸೊನ್ನೆ ಹೋಯಿತು, ಗಂಟೆ ಬಡಿದುಕೊಂಡಿತು. ನಾನು ಮನಸಾರೆ ಮೆಚ್ಚಿದೆ.

ಅತ್ತೆ ಸೆರಗು ಸುತ್ತಿಕೊಂಡು ನಿಂತೇ ಇದ್ದರು. "ಗಂಟೆ ಹೊಡುದ್ರೆ ನೀವೇನ್ ಮಾಡ್ತೀರ?" ಎಂದು ಕೇಳಿದರು.

"ಓಡ್ಬತ್ತೀನಿ."

"ಅದುಕ್ಕೇ ಬ್ಯಾಡ ಅನ್ನೋದು."

ನನಗೆ ಅರ್ಥವಾಗಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು. "ಮಗಾ, ಫ್ಯಾಕ್ಟ್ರೀಲಿ ಹೊಸಬರಿಗೆ ಪಾಠ ಯೋಳೋರು ನಿಮ್ ಮಾವನೇ. ಕರೆಂಟ್ ಹಿಡ್ದೋರ್ನ ಕೈಲಿ ಮುಟ್ಬ್ಯಾಡಿ, ಮೊದ್ಲು ಮೇನ್ ಆಫ್ ಮಾಡಿ ಅಂತ. ಅವತ್ತು ನಾನು ಕಿರುಚ್ಕಂಡೆ. ಇವ್ರು ಮೇನ್ ಪಕ್ಕದಾಗೇ ನಿಂತಿದ್ರು. ಅದ್ನ ಬುಟ್ಟು ಓಡ್ಬಂದು ಎರಡೂ ಕೈಲಿ ತಬ್ಬಿ ಎಳುದ್ರು. ಇಬ್ರೂ ಬಿದ್ವಿ. ನಾನು ಎದ್ದು ಕುಂತ್ಕಂಡೆ. ಇವ್ರು ಏಳ್ನಿಲ್ಲ. ನಾನು ಕೂಗ್ತಾನೇ ಇದ್ದೆ, ಏಳ್ನಿಲ್ಲ. ನಂಗೆ ಹೊಡ್ದಿದ್ದು ಅವತ್ತೇ ಮರ್ತೋಯ್ತು ಕಣ್ ಮಗಾ. ಇದು ಮರ್ಯಾಕಾಗ್ತಿಲ್ಲ."

ಮಾವ ಪೆಟ್ಟಿಗೆಯ ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ಬಿಗಿ ಮಾಡುತ್ತಿದ್ದರು. ಅಷ್ಟು ದಿನ ಇಬ್ಬರನ್ನೂ ಕಂಡು ನಕ್ಕಿದ್ದ ನನಗೆ ನಾಚಿಕೆಯಾಯಿತು.

"ಇನ್ನೊಂದ್ ದಪ ಹಂಗಾದ್ರೆ ನನ್ನ ಮುಟ್ಟಾಕಿಲ್ಲ ಅಂತ ಮಾತ್ ಕೊಡಿ, ಸ್ವಿಚ್ ಹಾಕ್ತೀನಿ" ಎಂದರು ಅತ್ತೆ. ಮಾವ ಮಾತು ಕೊಡಲಿಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಗಂಟೆ ಹೋಗಿ ಅಲ್ಲೊಂದು ರಿಲೇ ಬಂದಿತ್ತು. ಸೊನ್ನೆ ತಪ್ಪಿದ ಕೂಡಲೇ ಅದು ಯಾರನ್ನೂ ಕರೆಯದೆ ಗ್ರೈಂಡರಿನ ಕರೆಂಟನ್ನು ತಾನೇ ಕಡಿದುಹಾಕುತ್ತಿತ್ತು. ಅತ್ತೆ ಏಳು ಸಲ ಬಲ್ಬು ಮುಟ್ಟಿಸಿ ತೋರಿಸಿ ಎಂದರು. ಏಳು ಸಲವೂ ಟಕ್ ಎಂದು ಕರೆಂಟು ಹೋಯಿತು.

"ಇನ್ನು ನಾನು ಬರೋ ಹೊತ್ಗೆ ಅಲ್ಲಿ ಕರೆಂಟೇ ಇರಾಕಿಲ್ಲ ಕಣಮ್ಮಿ" ಎಂದರು ಮಾವ.

"ಆದ್ರೂ ಬತ್ತೀರ?"

"ಬತ್ತೀನಿ."

ಅತ್ತೆ ಎರಡೂ ಕೈಗಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡರು. ಮಾವನನ್ನು ಅಂಗಳದ ಆ ತುದಿಗೆ ಕಳಿಸಿ, ಅವರ ತೋಳು ಹಿಡಿದುಕೊಂಡು ನಿಂತಿರು, ಏನೇ ಆದರೂ ಬಿಡಬೇಡ ಎಂದು ನನಗೆ ಹೇಳಿ, ತಾವೊಬ್ಬರೇ ಒಳಗೆ ಹೋಗಿ ಗ್ರೈಂಡರ್ ಹಾಕಿದರು.