ಚೀಲ ಬಿಚ್ಚಿ ತೋರಿಸುವ ಚಟ

ಹೊಸೂರು ದಾರಿಯ ಗಡಿ ಚೆಕ್‌ಪೋಸ್ಟಿನಲ್ಲಿ ನನ್ನ ಓರಗಿತ್ತಿಯ ಚೀಲ ಬಿಚ್ಚಿದಷ್ಟು ಸಲ ಯಾವ ಕಳ್ಳಮಾಲಿನವನ ಚೀಲವನ್ನೂ ಬಿಚ್ಚಿರಲಾರರು. ತಪ್ಪು ತಿಳಿಯಬೇಡಿ, ಪೊಲೀಸರು ಅವಳನ್ನು ಹಿಡಿಯುತ್ತಿರಲಿಲ್ಲ. ಅವಳೇ ಪೊಲೀಸರನ್ನು ಹಿಡಿಯುತ್ತಿದ್ದಳು! ಹೋಗಮ್ಮಾ ಅಂದರೂ ಹೋಗದೆ ನಿಂತು ಚೀಲ ತೋರಿಸುವವಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಆ ಚೀಲ ಹೊತ್ತವಳೂ ನಾನೇ.

ಎಂಬತ್ತರ ದಶಕದ ಮಾತು. ವಿಜಯನಗರದಲ್ಲಿ ನಮ್ಮದು ಒಂದು ಮನೆ, ಎರಡು ಒಲೆ. ಓರಗಿತ್ತಿಯ ಒಬ್ಬಳೇ ಮಗಳನ್ನು ಹೊಸೂರಿಗೆ ಕೊಟ್ಟಿತ್ತು, ಅಳಿಯನಿಗೆ ಅಲ್ಲಿ ಫ್ಯಾಕ್ಟರಿ ಕೆಲಸ. ಮಗಳು ಬಸುರಿಯಾದಳು. ಹಿಂದೆ ಒಂದು ಬಸಿರು ಮೂರು ತಿಂಗಳಿಗೇ ಇಳಿದುಹೋಗಿತ್ತು. ಈ ಸಲ ಬಸ್ಸು ಹತ್ತಲೇಬಾರದು, ಹೆರಿಗೆ ಅಲ್ಲೇ ಆಗಲಿ ಅಂದರು ಡಾಕ್ಟರಮ್ಮ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ಹೇಗೆ? ಓರಗಿತ್ತಿ ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ ಎದ್ದು ಕೂತಳು.

"ಅವಳು ತವರಿಗೆ ಬರೋಕಾಗ್ದಿದ್ರೆ ತವರನ್ನೇ ಅಲ್ಲಿಗೆ ಸಾಗಿಸ್ತೀನಿ ಕಣೇ."

"ಗೋಡೆನೂ ಕೀಳ್ತೀಯಾ ಅಕ್ಕಾ?" ಅಂದೆ.

"ನೀನು ಹೊತ್ಕೊಂಡ್ ಬರೋದಾದ್ರೆ ಅದನ್ನೂ ಕೀಳ್ತೀನಿ."

ಅಲ್ಲಿಂದ ಶುರುವಾಯಿತು ಶನಿವಾರದ ಸವಾರಿ. ವಿಜಯನಗರದಿಂದ ಮೆಜೆಸ್ಟಿಕ್ಕು, ಮೆಜೆಸ್ಟಿಕ್ಕಿನಿಂದ ಹೊಸೂರು. ಒಂದು ವಾರ ಹರಳೆಣ್ಣೆ ಡಬ್ಬ, ಇನ್ನೊಂದು ವಾರ ಬಾಣಂತಿ ಖಾರ, ಮತ್ತೊಂದು ವಾರ ಕೆಂಗೇರಿ ಕಡೆಯ ಅವರೆಕಾಯಿ. ಅಲ್ಲಿ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಬಾಗಿಲಲ್ಲೇ ನಿಂತು ಚೀಲವನ್ನು ಕಣ್ಣಲ್ಲೇ ತೂಗುತ್ತಿದ್ದಳು. ಮೊದಲ ವಾರವೇ "ಇಷ್ಟೇನಾ?" ಅಂದಿದ್ದಳು. ಆ ಮಾತಿಗೆ ನನ್ನ ಓರಗಿತ್ತಿ ವಾಪಸು ಬರುವ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ವಾರ ಗಡಿಯಲ್ಲಿ ಒಬ್ಬ ಪೇದೆ ಬಸ್ಸು ಹತ್ತಿ, ಚೀಲದೊಳಗೆ ಕೈಯಾಡಿಸಿ, ನೋಡಿದ್ದಾಯಿತು ಅನ್ನುವುದಕ್ಕೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದ. ಅಷ್ಟೇ ಸಾಕಾಯಿತು. ಓರಗಿತ್ತಿ ಚೀಲವನ್ನು ಬೀಗಿತ್ತಿಯ ಮುಂದೆ ಇಟ್ಟು, "ನೋಡಿ ಬೀಗ್ರೇ, ತವರಿಂದ ಏನೇನು ಬಂತು ಅಂತ ಪೊಲೀಸ್ನೋರೇ ನೋಡಿ ಗುರುತು ಹಾಕಿದಾರೆ. ಇನ್ನು ಬಂದಿಲ್ಲ ಅನ್ನೋ ಹಾಗಿಲ್ಲ," ಅಂದಳು. ಸರ್ಕಾರದ ಎದುರು ಯಾವ ಬೀಗಿತ್ತಿ ಮಾತಾಡುತ್ತಾಳೆ?

ಅಲ್ಲಿಂದ ಅವಳಿಗೆ ಗೀಟಿನ ಚಟ ಹತ್ತಿತು. ಪೇದೆಗೆ ನೋಡಲು ಅನುಕೂಲವಾಗಲಿ ಎಂದು ಸಾಮಾನನ್ನು ಓರಣವಾಗಿ ಜೋಡಿಸಿಕೊಂಡು ಹೋಗುವಳು. ಅವನು ಹಾಗೇ ದಾಟಿಹೋದರೆ ತೋಳು ಹಿಡಿದು ನಿಲ್ಲಿಸುವಳು.

"ಏನಪ್ಪಾ, ನನ್ನ ಚೀಲ ಕಣ್ಣಿಗೆ ಕಾಣ್ಲಿಲ್ವಾ?"

"ಹೋದ ವಾರ ನೋಡಿದ್ನಲ್ಲಮ್ಮಾ."

"ಹೋದ ವಾರ ಖಾರ. ಈ ವಾರ ಅವರೆಕಾಯಿ. ಸರಿಯಾಗಿ ಕೈ ಹಾಕಿ ನೋಡು, ಸೊನೆ ಹೇಗಿದೆ."

ಪಾಪ, ಆತ ಅವರೆಕಾಯಿ ಮೂಸಿ ನೋಡಿ, ಸೊನೆ ಚೆನ್ನಾಗಿದೆ ಅಂದು ಗೀಟು ಎಳೆದ. ಆಮೇಲಾಮೇಲೆ ದೂರದಿಂದ ಅವಳನ್ನು ಕಂಡರೇ ಪೇದೆಗಳು ಬೇರೆ ಬಸ್ಸಿಗೆ ಓಡುತ್ತಿದ್ದರು.

ಒಂಬತ್ತು ತಿಂಗಳು ತುಂಬಿತು. ಒಂದು ಬೆಳಿಗ್ಗೆ ಎದುರುಮನೆಯ ಫೋನಿಗೆ ಸುದ್ದಿ ಬಂತು: ಮಗಳಿಗೆ ನೋವು ಶುರುವಾಗಿದೆ. ಕೊನೆಯ ಚೀಲ ಕಟ್ಟಿಟ್ಟೇ ಇತ್ತು. ಕೂಸಿಗೆ ಬಜೆ ತೇಯುವ ಸಾಣೆಕಲ್ಲು, ಬಜೆ, ಸಾಂಬ್ರಾಣಿ, ತಳದಲ್ಲಿ ಕೂಸನ್ನು ಸುತ್ತಲು ಹಳೆಯ ಬಟ್ಟೆಯ ಗಂಟು. ನಾವು ಓಡಿದೆವು.

ಗಡಿಯಲ್ಲಿ ಅಂದು ಹೊಸ ಸಾಹೇಬರು, ಎಲ್ಲರನ್ನೂ ಬಸ್ಸಿನಿಂದ ಇಳಿಸಿ ಚೀಲಗಳನ್ನು ಮೇಜಿನ ಮೇಲೆ ಇಡಿಸುತ್ತಿದ್ದರು. ಮೇಲೆ ಮೇಲೆ ನೋಡಿ, "ಸರಿ, ಹೋಗಿ" ಅಂದರು. ಅಂಥ ಹೊತ್ತಿನಲ್ಲಾದರೂ ಸುಮ್ಮನಿರಬೇಕೋ ಬೇಡವೋ? "ತಳದಲ್ಲಿ ನೋಡ್ಲಿಲ್ಲ ಸಾರ್, ಗುರುತೂ ಹಾಕಿಲ್ಲ," ಅಂದಳು. ಅವಳೇ ಗಂಟು ಬಿಚ್ಚಿದಳು. ಒಳಗಿಂದ ಗೇಣುದ್ದದ ಗಂಧದ ಕೊರಡು ಮೇಜಿನ ಮೇಲೆ ಉರುಳಿತು.

ಸಾಹೇಬರ ಮುಖ ಬಿಗಿಯಾಯಿತು. "ಗಂಧದ ಮರ ಸರ್ಕಾರದ್ದು, ಗೊತ್ತಾ ಅಮ್ಮಾ?"

"ಮರ ನಿಮ್ಮದೇ ಇಟ್ಕೊಳಿ ಸಾರ್. ಇದು ನಮ್ಮತ್ತೆ ತೇದು ಉಳಿಸಿದ್ದು."

"ಗಡಿ ದಾಟಿಸೋ ಹಾಗಿಲ್ಲ. ಬರ್ಕೋಬೇಕು, ವಿಚಾರಿಸ್ಬೇಕು. ಅಲ್ಲೀವರೆಗೂ ಚೀಲ ಇಲ್ಲೇ ಇರತ್ತೆ. ನೀವೂ ಕೂತ್ಕೊಳಿ."

"ಮಗಳಿಗೆ ನೋವು ಬಂದಿದೆ ಸಾರ್," ಅಂದೆ ನಾನು. ಸಾಹೇಬರು ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಹಾಗಾದ್ರೆ ನೀವು ಹೋಗಿ. ಚೀಲ ಬೇಕಿದ್ರೆ ಕಾಯ್ಬೇಕು."

ಬಸ್ಸಿನವನು ಹಾರನ್ ಬಾರಿಸುತ್ತಿದ್ದ. ನಾಲ್ಕು ತಿಂಗಳು ಗೀಟಿಗಾಗಿ ಜಗಳವಾಡಿದವಳು ಚೀಲವನ್ನು ಒಂದು ಸಲ ನೋಡಿದಳು. ಆಮೇಲೆ ಅದನ್ನು ಸಾಹೇಬರ ಕಡೆಗೆ ತಳ್ಳಿ, "ನಿಧಾನವಾಗಿ ನೋಡ್ಕೊಳಿ," ಅಂದು ಬಸ್ಸು ಹತ್ತಿಬಿಟ್ಟಳು.

ದಾರಿಯುದ್ದಕ್ಕೂ, ಗಂಟು ಬಿಚ್ಚಿದ್ದಕ್ಕೆ ಅವಳನ್ನು ಬೈಯಬೇಕು ಅಂತ ನಾಲಿಗೆ ತುದಿಗೆ ಬರುತ್ತಿತ್ತು. ಬರಿಗೈಯಲ್ಲಿ ಆ ಬಾಗಿಲಿಗೆ ಹೇಗೆ ಹೋಗುತ್ತಾಳೆ? ಹೋದಳು. ಆಸ್ಪತ್ರೆಗೆ ಹೊರಟ ಆಟೋ ಬಾಗಿಲಲ್ಲೇ ನಿಂತಿತ್ತು, ಒಳಗೆ ಮಗಳು ನರಳುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಬೀಗಿತ್ತಿಯ ಕಣ್ಣು ಅಭ್ಯಾಸದಂತೆ ಮೊದಲು ನಮ್ಮ ಕೈಗೆ ಬಂತು.

"ಏನೂ ತಂದಿಲ್ಲ ಬೀಗ್ರೇ," ಅಂದಳು ಓರಗಿತ್ತಿ.

ಬೀಗಿತ್ತಿ ಆಟೋದಿಂದ ಇಳಿದಳು. "ಬೆಳಿಗ್ಗೆಯಿಂದ ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತಾನೇ ಕೇಳ್ತಿದಾಳೆ. ಮೊದ್ಲು ನೀವು ಹತ್ತಿ," ಅಂದಳು.

ಸಂಜೆ ಹೆಣ್ಣು ಹುಟ್ಟಿತು. ತಾಯಿ ಕೂಸು ಇಬ್ಬರೂ ಗಟ್ಟಿ. ಕೂಸನ್ನು ಸುತ್ತಲು ತವರಿನ ಹಳೆಯ ಬಟ್ಟೆ ಕೊಡಿ ಎಂದು ನರ್ಸಮ್ಮ ಕೈ ನೀಡಿದಳು. ಓರಗಿತ್ತಿ ಉಟ್ಟಿದ್ದ ಹತ್ತಿ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದು ಕೊಟ್ಟಳು. ಕೂಸನ್ನು ಅದರಲ್ಲೇ ಸುತ್ತಿ ತಂದರು. ಎತ್ತಿಕೊಳ್ಳಲು ಹೋದವಳಿಗೆ ಹೆಗಲ ಮೇಲೆ ಸೆರಗೇ ಇರಲಿಲ್ಲ.

ಇಷ್ಟು ಹೊತ್ತು ಹಿಡಿದಿಟ್ಟುಕೊಂಡ ಬೈಗುಳ ನನಗೆ ಮರೆತೇ ಹೋಗಿತ್ತು. ಹತ್ತಿರ ಹೋಗಿ ನನ್ನ ಸೆರಗನ್ನು ಎಳೆದು ಅವಳ ಹೆಗಲಿಗೂ ಹೊದಿಸಿದೆ. ಒಂದೇ ಸೆರಗಿನಲ್ಲಿ ಇಬ್ಬರೂ ನಿಂತು ಕೂಸನ್ನು ನೋಡಿದೆವು.