ಕುಲಕರ್ಣಿಯ ಬಸ್ಸಿನಲ್ಲಿ ನಾನು

ಹೊಟ್ಟೆಕಿಚ್ಚು ಕೆಟ್ಟದ್ದೆಂದು ಉಪದೇಶ ಮಾಡುವವರಿಗೆ ಪಕ್ಕದ ಕೋಣೆಯಲ್ಲಿ ಒಬ್ಬ ಕುಲಕರ್ಣಿ ಇರುವುದಿಲ್ಲ. ನನಗಿದ್ದ. ಶಿರಸಿಯ ನಮ್ಮ ಕಾಲೇಜು ಆಗಿನ್ನೂ ಹೊಸದು. ಎರಡು ತರಗತಿಗಳ ನಡುವೆ ಬರೀ ಹಲಗೆಯ ಗೋಡೆ. ಈಚೆ ನಾನು ಇತಿಹಾಸ ಹೇಳುತ್ತಿದ್ದೆ. ಆಚೆ, ಧಾರವಾಡದಿಂದ ಬಂದ ಈ ಕುಲಕರ್ಣಿ ಮನಃಶಾಸ್ತ್ರ ಹೇಳುವುದು ಬಿಟ್ಟು ಹುಡುಗರಿಗೆ ಆಟ ಆಡಿಸುತ್ತಿದ್ದ. ಬದುಕಿನಲ್ಲಿ ಅವರಿಗೆ ಯಾವುದು ಮುಖ್ಯವೆಂಬುದು ಆಟದಲ್ಲೇ ಗೊತ್ತಾಗುತ್ತದಂತೆ! ನಾನು ಪಾಣಿಪತ್ತಿನಲ್ಲಿ ಆನೆಗಳನ್ನು ಉರುಳಿಸುವ ಹೊತ್ತಿಗೆ ಸರಿಯಾಗಿ ಆಚೆಯಿಂದ ನಗೆ ಕೇಳುತ್ತಿತ್ತು. ಮುಂದಿನ ಬೆಂಚಿನಲ್ಲಿ ಕೂರುವ ನನ್ನ ಮೆಚ್ಚಿನ ಹುಡುಗ, ಹೆಗ್ಗರಣೆಯ ಗಣಪತಿ ಕೂಡ ಹಲಗೆಯ ಸಂದಿಗೆ ಕಿವಿ ಕೊಟ್ಟಿರುತ್ತಿದ್ದ.

“ಎಂತ ಆತು? ಸಾರು ಸೇರ್ತಿಲ್ಯಾ?” ಎಂದು ರಾತ್ರಿ ಊಟ ಬಡಿಸುತ್ತಾ ಹೆಂಡತಿ ಕೇಳಿದಳು.

“ಸಾರು ಸೇರ್ತು. ಕುಲಕರ್ಣಿ ಸೇರ್ತ್ನಿಲ್ಲೆ” ಎಂದೆ.

ನನ್ನ ಸಂಕಟ ಸುಮ್ಮನೆ ಅಲ್ಲ. ಮುಂದಿನ ವರ್ಷಕ್ಕೆ ಇತಿಹಾಸವೋ ಮನಃಶಾಸ್ತ್ರವೋ ಎಂದು ಹುಡುಗರು ಶನಿವಾರ ಬರೆದುಕೊಡಬೇಕಿತ್ತು. ಇತಿಹಾಸಕ್ಕೆ ಹತ್ತು ಜನವಾದರೂ ಸಿಗದಿದ್ದರೆ ತರಗತಿ ಮುಚ್ಚಿ ನನ್ನನ್ನು ಗ್ರಂಥಾಲಯದಲ್ಲಿ ಕೂರಿಸುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು. ಸರಿ, ಆಟವೇ ಬೇಕೆಂದರೆ ನಾನೂ ಆಡಿಸುತ್ತೇನೆ ಎಂದು ಹಟ ಹುಟ್ಟಿತು. ಮನ್ಮನೆಯ ಮಾವನ ಮನೆಯಿಂದ ಬಂದಿದ್ದ ಅಡಕೆಯ ಚೀಲವನ್ನು ಹೊತ್ತುಕೊಂಡು ಹೋದೆ. ನಾಲ್ಕು ಬಟ್ಟಲು ಸಾಲಾಗಿ ಇಟ್ಟು ನೌಕರಿ, ಮದುವೆ, ಕೀರ್ತಿ, ಜ್ಞಾನ ಎಂದು ಚೀಟಿ ಅಂಟಿಸಿದೆ. ಎಲ್ಲರಿಗೂ ಒಂದೊಂದು ಮುಷ್ಟಿ ಅಡಕೆ ಹಂಚಿ, ಯಾವುದು ಹೆಚ್ಚು ಮುಖ್ಯವೋ ಅದಕ್ಕೆ ಹೆಚ್ಚು ಹಾಕಿ ಎಂದು ಹೇಳಿ, ಅವರಿಗೆ ಸಂಕೋಚವಾಗಬಾರದೆಂದು ಜಗಲಿಗೆ ಹೋಗಿ ನಿಂತೆ.

ಒಳಗೆ ಬಂದು ನೋಡಿದರೆ ಜ್ಞಾನದ ಬಟ್ಟಲು ತುಂಬಿ ಚೆಲ್ಲುತ್ತಿದೆ! ನನ್ನ ಕಣ್ಣು ಮಂಜಾಯಿತು. ಆ ಬಟ್ಟಲನ್ನೆತ್ತಿಕೊಂಡು ನೇರ ಕುಲಕರ್ಣಿಯ ತರಗತಿಗೆ ನುಗ್ಗಿ, “ನೋಡಿ, ನನ್ನ ಹುಡುಗರಿಗೆ ಬೇಕಾದ್ದು ಇದು” ಎಂದೆ. ಹಿಂದೆಯೇ ಗಣಪತಿ ಓಡಿ ಬಂದ.

“ಸರ್, ಅದು ಹಾಳಡಕೆ. ಎಂಗ ತ್ವಾಟದ ಮನೆಯವು, ಮಿಶ್ರ ಅಡಕೆ ಕಂಡ್ರೆ ಜಾತಿ ಆರಿಸ್ದೆ ಕೈ ಸುಮ್ಮಂಗಿರ್ತಿಲ್ಲೆ. ಚಾಲಿ ಬ್ಯಾರೆ, ಗೋಟು ಬ್ಯಾರೆ ಮಾಡಿದ್ಯ. ಹುಳುಕೆಲ್ಲ ಕಡೇ ಬಟ್ಲಿಗೆ ಹಾಕಿದ್ಯ.”

ಮಾವನ ಚೀಲದಲ್ಲಿ ಹುಳುಕೇ ಹೆಚ್ಚಿತ್ತೆಂಬುದು ಅಂದು ಊರಿಗೆಲ್ಲ ಗೊತ್ತಾಯಿತು. ಕುಲಕರ್ಣಿ ನಗಲಿಲ್ಲ, ನಕ್ಕಿದ್ದರೆ ಅವನನ್ನು ದ್ವೇಷಿಸುವುದಾದರೂ ಸುಲಭವಾಗುತ್ತಿತ್ತು. “ಬರ್ರಿ ಸರ, ನಮ್ಮ ಬಸ್ಸಿನ್ಯಾಗ ಒಂದು ಸೀಟು ಖಾಲಿ ಐತಿ” ಎಂದು ಹುಡುಗರ ನಡುವೆ ಕೂರಿಸಿ ಐದು ಚೀಟಿ ಕೊಟ್ಟ. ಬದುಕಿನಲ್ಲಿ ಬೇಕಾದ ಐದನ್ನು ಬರೆಯಬೇಕು. ಬೆಂಚುಗಳೇ ಬಸ್ಸು, ಸಿದ್ದಾಪುರದಿಂದ ಹುಬ್ಬಳ್ಳಿಗೆ. ಪ್ರತಿ ನಿಲ್ದಾಣದಲ್ಲೂ ಒಂದೊಂದು ಚೀಟಿ ಕೆಳಗೆ ಬಿಡಬೇಕು. ಕೊನೆಗೆ ಉಳಿದದ್ದೇ ನಮ್ಮ ಮನಸ್ಸು.

ಶಿರಸಿಯಲ್ಲಿ ಸ್ವಂತ ಮನೆಯನ್ನು ಇಳಿಸಿದೆ. ಯಲ್ಲಾಪುರದಲ್ಲಿ ಇತಿಹಾಸದ ತರಗತಿ ಹೋಯಿತು. ಕಲಘಟಗಿಯಲ್ಲಿ ಆರೋಗ್ಯ, ಹುಬ್ಬಳ್ಳಿಯ ಹೊರಗೆ, ದೇವರು ಕ್ಷಮಿಸಲಿ, ಹೆಂಡತಿಯ ಸುಖ. ಕೈಯಲ್ಲಿ ಉಳಿದ ಚೀಟಿಯಲ್ಲಿ ನನ್ನದೇ ದುಂಡು ಅಕ್ಷರ: ‘ಕುಲಕರ್ಣಿಗೆ ಧಾರವಾಡಕ್ಕೆ ವರ್ಗವಾಗಲಿ.’

“ಓದ್ರಿ ಸರ, ಏನ್ ಉಳೀತು?” ಎಂದು ಅವನು ಪ್ರೀತಿಯಿಂದ ಕೇಳಿದ.

ಚೀಟಿಯನ್ನು ಮುದುರಿ ಹಿಡಿದು, “ಮತ್ತೇನು? ನನ್ನ ಇತಿಹಾಸದ ತರಗತಿ” ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬೆಂಚಿನ ಕೆಳಗೆ ಬಗ್ಗಿದ್ದ ಗಣಪತಿ ಒಂದು ಚೀಟಿ ಎತ್ತಿ ಹಿಡಿದು, “ಸರ್, ಅದು ಇಲ್ಲಿದ್ದು! ಯಲ್ಲಾಪುರದಲ್ಲೇ ಇಳದೋಯ್ದು” ಎಂದ.

ಶನಿವಾರ ಇತಿಹಾಸಕ್ಕೆ ಮೂರು ಹೆಸರು ಬಂದವು. ಗಣಪತಿಯ ಹೆಸರು ಅದರಲ್ಲಿರಲಿಲ್ಲ. ಹುಡುಗರನ್ನು ಬಯ್ಯೋಣವೆಂದು ಹೊರಟವನು ಬಾಗಿಲಿನಿಂದಲೇ ಹಿಂದಿರುಗಿದೆ. ಮೇಷ್ಟ್ರೇ ಯಲ್ಲಾಪುರದಲ್ಲಿ ಇಳಿಸಿಬಿಟ್ಟಿದ್ದನ್ನು ಅವರು ಯಾಕೆ ಹುಬ್ಬಳ್ಳಿಯವರೆಗೆ ಹೊರಬೇಕು?