ಚೀಟಿ ಅಂಟಿಸಿದ ಪ್ಲಗ್ಗು

ಯಕ್ಷಿತಾ ಬಾಲವಾಡಿಗೆ ಹೋಗುತ್ತಿದ್ದಾಗ ತಿಲಕ್ ಮಗಳಿಗೆ ಮಾತು ಕೊಟ್ಟಿದ್ದ: "ನಿನ್ನ ಹುಟ್ಟುಹಬ್ಬದ ಪಾಯಸ ನಿನ್ನ ಪಕ್ಕದಲ್ಲೇ ಕೂತು ತಿಂತೇನೆ." ಅವಳೀಗ ಏಳನೇ ಕ್ಲಾಸು. ವರ್ಷವರ್ಷವೂ ಅವನ ಪಾಲಿನ ಪಾಯಸ ಫ್ರಿಜ್ಜಿನಲ್ಲಿ ಕಾದು ಕಾದು ಗಟ್ಟಿಯಾಗಿತ್ತು.

ಅದಕ್ಕೆ ಕಾರಣ ಮುಂಬೈಯ ಗೋರೆಗಾಂವ್‌ನ ಉಡುಪಿ ಹೋಟೆಲಿನ ಸರ್ವರ್. ಅಲ್ಲಿನ ಕಂಪ್ಯೂಟರ್ ಕೆಲಸವೆಲ್ಲ ತಿಲಕನದು. ದಿನದ ಬಿಲ್ಲುಗಳ ಡೇಟಾಬೇಸ್ ಸಂಜೆ ತಾನಾಗಿ ಬ್ಯಾಕಪ್ ಆಗಲೆಂದು ಎಷ್ಟು ಸಲ ಟೈಮ್ ಹಾಕಿಟ್ಟರೂ, ಸರಿಯಾಗಿ ಆ ಹೊತ್ತಿಗೆ ಯಾರೋ ಪ್ಲಗ್ ಕಿತ್ತು ಗ್ರೈಂಡರ್ ಚುಚ್ಚುತ್ತಿದ್ದರು. ಆಮೇಲೆ ತಿಲಕನೇ ಕೂತು ಕೈಯಾರೆ ಮಾಡಬೇಕು.

ಈ ವರ್ಷ ಹಾಗಾಗಕೂಡದೆಂದು ಹುಟ್ಟುಹಬ್ಬದ ಬೆಳಿಗ್ಗೆಯೇ ಹಟ ಹಿಡಿದು ಕೂತ. ಬ್ಯಾಕಪ್ಪಿನ ಮೊದಲ ಪರೀಕ್ಷೆ ಅರ್ಧಕ್ಕೆ ನಿಂತಿತು. ಸರ್ವರ್ ತನ್ನ ದಿನಚರಿ ಬರೆದಿಡುವ ಲಾಗ್ ಫೈಲುಗಳು ರಾಶಿಬಿದ್ದು, ಬೆಳಗಿನ ವಿರಾರ್ ಲೋಕಲ್ ರೈಲಿನಂತೆ ಡಿಸ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದಿನಕ್ಕೊಂದು ಹೊಸ ಲಾಗ್, ವಾರ ಕಳೆದದ್ದು ತಾನೇ ಅಳಿಯಬೇಕು ಎಂದು ಏರ್ಪಾಡು ಮಾಡಿದ. ಎರಡನೆಯ ಪರೀಕ್ಷೆಯ ನಡುವೆ ಮ್ಯಾನೇಜರ್ ಚೆನ್ನಯ ಫೋನ್ ಚಾರ್ಜಿಗಿಡಲು ಪ್ಲಗ್ ಕಿತ್ತರು.

"ಚೆನ್ನಯಣ್ಣಾ!"

"ಎಂತ ಮಾರಾಯ? ಅದು ಸುಮ್ನೆ ಗುಂಯ್ ಅಂತಿತ್ತು. ಕೆಲಸ ಮಾಡ್ತಾ ಉಂಟು ಅಂತ ಯಾರಿಗೆ ಗೊತ್ತು?"

ತಿಲಕ್ ಪ್ಲಗ್ಗಿಗೆ ಟೇಪು ಸುತ್ತಿದ. 'ಯಾರೂ ಮುಟ್ಟಕೂಡದು' ಎಂದು ಮೂರು ಭಾಷೆಗಳಲ್ಲಿ ಚೀಟಿ ಬರೆದು ಅಂಟಿಸಿದ. ಮೂರನೆಯ ಪರೀಕ್ಷೆ ಗೆದ್ದಿತು.

"ನೀನು ಹೊರಡು. ಇವತ್ತು ನಾನೇ ಕಾವಲು, ಪಂಜುರ್ಲಿ ದೈವದ ಆಣೆ!" ಎಂದರು ಚೆನ್ನಯ.

ಬಿಸಿಲಿರುವಾಗಲೇ ಬೊರಿವಲಿಗೆ ಬಂದಿಳಿದ ತಿಲಕ್ ಮನೆ ಮುಟ್ಟಿದರೆ ಬಾಗಿಲಿಗೆ ಬೀಗ.

"ಅರೇ ಭಾವೋಜಿ, ತುಮ್ಹಿ ಇಥೆ?" ನೀವಿಲ್ಲಿ ಹೇಗೆ ಎಂದು ಪಕ್ಕದ ಮನೆಯ ನೀಲಾಬಾಯಿ ಭೂತ ಕಂಡವಳಂತೆ ಬೆಚ್ಚಿದಳು. ಅಪ್ಪ ಹೇಗೂ ಬರುವುದಿಲ್ಲವೆಂದು ತಾಯಿ-ಮಗಳು ಪಾಯಸದ ಡಬ್ಬಿ ಹಿಡಿದು ಅವನ ಹೋಟೆಲಿಗೇ ಹೋಗಿದ್ದರಂತೆ!

ಅಷ್ಟರಲ್ಲಿ ಚೆನ್ನಯರ ಫೋನು. "ತಿಲಕ್, ಸರ್ವರ್ ಆಫ್ ಆಯ್ತು. ನಾನಂತೂ ಮುಟ್ಟಲಿಲ್ಲ ಮಾರಾಯ!"

"ಮತ್ತ್ಯಾರು?"

"ನಿನ್ನ ಹೆಂಡತಿ. ಮಗಳ ಹುಟ್ಟುಹಬ್ಬಕ್ಕೆ ಲೈಟಿನ ಮಾಲೆ ಹಾಕ್ಲಿಕ್ಕೆ. ನಾನು ಅಡ್ಡ ನಿಂತೆ. 'ಇದು ನಮ್ಮವರದ್ದೇ ಅಕ್ಷರ, ಚೀಟಿ ಹೊರಗಿನವರಿಗೆ, ನಂಗಲ್ಲ' ಅಂದ್ರು ಸೇವಂತಿಯಕ್ಕ. ನಾನೆಂತ ಹೇಳ್ಲಿ?"

ತಿಲಕ್ ಮತ್ತೆ ಗೋರೆಗಾಂವ್‌ಗೆ ಲೋಕಲ್ ಹಿಡಿದ. ಅರ್ಧಕ್ಕೆ ಕೆಟ್ಟ ಬ್ಯಾಕಪ್ಪನ್ನು ಕೈಯಾರೆ ಮುಗಿಸಿ ಹೋಟೆಲಿನ ಒಳಕೋಣೆಯಿಂದ ಎದ್ದು ಬಂದಾಗ ಲೈಟಿನ ಮಾಲೆ ಮಿಣುಕುತ್ತಿತ್ತು. ಹುಡುಗಿಯ ಪಕ್ಕದ ಕುರ್ಚಿ ಖಾಲಿ ಇರಬಾರದೆಂದು ಚೆನ್ನಯರೇ ಕೂತು ತಿಲಕನ ಪಾಲಿನ ಪಾಯಸವನ್ನೂ ತಿಂದು ಮುಗಿಸಿದ್ದರು.

ಮಗಳಿಗೆ ಕೊಟ್ಟ ಮಾತು ಈ ವರ್ಷವೂ ನಡೆಯಲಿಲ್ಲ.